ಸಂತೆಗೆ ತರಕಾರಿ ತರುವವರ ಗದ್ದೆಗೆ ಹೋಗುವುದು ಯಾವಾಗ, ಹೇಗೆ

ಪ್ರಶ್ನೆ: ನಾವು ಮಂಗಳೂರಿನ ಬಿಜೈಯಲ್ಲಿ ನೆಲೆಸಿದ್ದೇವೆ. ಎರಡು ವರ್ಷಗಳಿಂದ ಭಾನುವಾರದ ರೈತರ ಸಂತೆಯಲ್ಲಿ ತರಕಾರಿ, ಕುಚ್ಚಲಕ್ಕಿ ಮತ್ತು ಜೇನು ಕೊಳ್ಳುತ್ತಿದ್ದೇವೆ. ಅವನ್ನು ಬೆಳೆಯುವವರ ಜಾಗವನ್ನು ನೋಡಬೇಕೆಂದು ಮಕ್ಕಳಿಬ್ಬರಿಗೂ ಆಸೆ. ಒಂದು ದಿನ ಬಾಡಿಗೆ ಕಾರು ಮಾಡಿಕೊಂಡು ನಾಲ್ಕೈದು ಕಡೆ ನೋಡಿ ಬರಬಹುದೇ? ಅವರು ಹೇಳುವಂತೆ ವಿಷವಿಲ್ಲದೆ ಬೆಳೆಯುತ್ತಾರೆಯೇ ಎಂಬುದನ್ನು ನಮ್ಮಂಥವರು ತಿಳಿಯುವುದು ಹೇಗೆ? ಭೇಟಿಗೆ ಹಣ ಕೊಡಬೇಕೇ? 74 ವರ್ಷದ ನಮ್ಮ ಅತ್ತೆಯೂ ಬರುತ್ತೇನೆ ಎನ್ನುತ್ತಿದ್ದಾರೆ, ಅವರನ್ನು ಕರೆದೊಯ್ಯಬಹುದೇ?

ಉತ್ತರ: ಖಂಡಿತ ಹೋಗಿ. ಆದರೆ ಒಂದೇ ದಿನ ನಾಲ್ಕೈದು ಕಡೆ ಹೋಗುವ ಬದಲು ಒಬ್ಬರೇ ಬೆಳೆಗಾರರ ಜಾಗಕ್ಕೆ ವರ್ಷದಲ್ಲಿ ಮೂರು ಬಾರಿ ಹೋಗಿ ಎಂಬುದು ನನ್ನ ಸಲಹೆ. ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಕರಾವಳಿಯ ಬೇಸಾಯದ ಸ್ವರೂಪವೇ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಆದ್ದರಿಂದ ಆಗಸ್ಟಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ಪೈರು ನಿಂತಿರುವ ಗದ್ದೆಯೇ ಜನವರಿಯಲ್ಲಿ ತರಕಾರಿಯ ಸಾಲುಗಳಾಗಿ, ಏಪ್ರಿಲ್‌ನಲ್ಲಿ ಬಿರುಕುಬಿಟ್ಟ ನೆಲವಾಗಿ ಕಾಣುತ್ತದೆ. ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸಿದ್ದು ನೀರು ಎಷ್ಟು ಕಾಲ ನಿಲ್ಲುತ್ತದೆ ಎಂಬ ಲೆಕ್ಕದಿಂದ: ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಏಣೆಲು ಎಂಬ ಮಳೆಗಾಲದ ಭತ್ತ ಒಂದೇ ಬೆಳೆ, ಮಜಲಿನಲ್ಲಿ ಅದರ ನಂತರ ಸುಗ್ಗಿ ಎಂಬ ಎರಡನೆಯ ಬೆಳೆ, ಬೈಲಿನಲ್ಲಿ ಇವೆರಡರ ಜೊತೆ ಕೊಳಕೆ ಎಂಬ ಮೂರನೆಯದೂ ಉಂಟು. ಒಂದೇ ಸಲ ಹೋಗಿ ಬಂದವರಿಗೆ ಇದರಲ್ಲಿ ಮೂರನೆಯ ಒಂದು ಭಾಗ ಮಾತ್ರ ಕಾಣುತ್ತದೆ. ಸಂತೆಯಲ್ಲಿ ಕೆಲವು ವಾರ ಏಕೆ ಬರಿಯ ಹರಿವೆ ಮತ್ತು ಕೆಸುವಿನ ಸೊಪ್ಪು ಮಾತ್ರ ಇರುತ್ತದೆ ಎಂಬುದು ಉಳಿದ ಎರಡು ಭಾಗಗಳನ್ನು ನೋಡಿದಾಗಲೇ ಅರ್ಥವಾಗುತ್ತದೆ.

ಈ ಮಾತು ನನ್ನ ತಪ್ಪಿನಿಂದಲೇ ನಾನು ಕಲಿತದ್ದು. ಗ್ರಾಹಕರನ್ನು ರೈತರ ಬಳಿಗೆ ಕರೆದೊಯ್ಯುವ ಕೆಲಸ ಆರಂಭಿಸಿದ ವರ್ಷ ಸುಮಾರು 30 ಜನರನ್ನು ಒಂದು ಬಸ್ಸಿನಲ್ಲಿ ಕೂರಿಸಿಕೊಂಡು ಒಂದೇ ದಿನ ಮೂರು ಕಡೆ ಹೋಗಿದ್ದೆ. ಎರಡನೆಯ ಜಾಗದಲ್ಲಿ ಹಿಂದಿನ ವಾರವಷ್ಟೇ ಕೆಸರು ಮೆತ್ತಿ ಸರಿಪಡಿಸಿದ್ದ ಗದ್ದೆಯ ಬದು ಅಷ್ಟು ಜನರ ಕಾಲ್ತುಳಿತಕ್ಕೆ ಕುಸಿದು, ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ ಇಳಿದುಹೋಯಿತು. ಆ ಮನೆಯವರು ಒಂದು ಮಾತನ್ನೂ ಆಡದೆ ನಮಗೆಲ್ಲ ಎಳನೀರು ಕೆತ್ತಿ ಕೊಟ್ಟರು. ನಾವು ಹೊರಟ ಮೇಲೆ ಸಂಜೆಯವರೆಗೆ ಅವರು ಒಬ್ಬರೇ ಬದು ಕಟ್ಟಿದರು ಎಂದು ಅನಂತರ ತಿಳಿಯಿತು. ಅಂದಿನಿಂದ ಒಂದು ಮನೆಗೆ ಒಂದು ಬಾರಿಗೆ ಆರು ಜನರಿಗಿಂತ ಹೆಚ್ಚು ಮಂದಿಯನ್ನು ನಾನು ಕರೆದೊಯ್ದಿಲ್ಲ.

ಯಾವ ದಿನ ಹೋಗಬೇಕೆಂಬುದೂ ಮುಖ್ಯ. ಭಾನುವಾರ ಸಂತೆಗೆ ಬರುವವರಿಗೆ ಶನಿವಾರವೇ ವಾರದ ಅತ್ಯಂತ ದುಡಿಮೆಯ ದಿನ. ಕೊಯ್ಯುವುದು, ತೊಳೆಯುವುದು, ಸೊಪ್ಪಿನ ಕಟ್ಟು ಕಟ್ಟುವುದು, ತೂಕ ಮಾಡಿ ಚೀಲಕ್ಕೆ ತುಂಬುವುದು ಎಲ್ಲವೂ ಅಂದೇ ನಡೆಯುತ್ತದೆ. ಭಾನುವಾರ ಮಧ್ಯಾಹ್ನದವರೆಗೆ ಅವರು ಸಂತೆಯಲ್ಲೇ ಇರುತ್ತಾರೆ. ಕೆಲಸದ ದಿನಗಳಲ್ಲಿ ರಜೆ ಹಾಕಲು ಸಾಧ್ಯವಾದರೆ ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ಏಳರ ಹೊತ್ತಿಗೆ ಹೋಗಿ. ಸಾಧ್ಯವಾಗದಿದ್ದರೆ ಭಾನುವಾರ ಇಳಿಹೊತ್ತು, ಅವರು ಊಟ ಮಾಡಿ ಸ್ವಲ್ಪ ಬೆನ್ನು ಚಾಚಿ ಎದ್ದ ಮೇಲೆ. ಯಾರ ಮನೆ ಎಂದು ಆರಿಸಲು ಕಷ್ಟಪಡಬೇಕಿಲ್ಲ. ಎರಡು ವರ್ಷಗಳಿಂದ ನೀವು ಹೆಚ್ಚಾಗಿ ಯಾರಿಂದ ಕೊಳ್ಳುತ್ತಿದ್ದೀರೋ ಅವರನ್ನೇ, ಸಂತೆಯ ಗಡಿಬಿಡಿ ಮುಗಿದ ಮೇಲೆ, ಕೇಳಿ.

ಮೊದಲ ಭೇಟಿ ಮಳೆಗಾಲದಲ್ಲಾಗಲಿ. ತರಕಾರಿಯವರ ಮನೆಯ ಅಂಗಳ ಮತ್ತು ಬೆಟ್ಟಿನ ಜಾಗದಲ್ಲಿ ಆಗ ಬೆಂಡೆ, ಅಲಸಂಡೆ, ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ ತುಂಬಿರುತ್ತವೆ. ಈ ಬಳ್ಳಿಗಳ ದೊಡ್ಡ ಶತ್ರು ಹಣ್ಣುನೊಣ. ಅದು ಎಳೆಯ ಮಿಡಿಯೊಳಗೆ ಮೊಟ್ಟೆ ಇಡುವುದರಿಂದ ಕಾಯಿಯ ಹೊರಗೆ ಒಂದು ಸಣ್ಣ ಚುಕ್ಕೆ ಬಿಟ್ಟು ಬೇರೇನೂ ಕಾಣದೆ ಒಳಗೆ ಕೊಳೆತುಹೋಗುತ್ತದೆ. ಎಚ್ಚರವಿರುವ ಬೆಳೆಗಾರರ ಚಪ್ಪರದಲ್ಲಿ ನೊಣವನ್ನು ಸೆಳೆಯುವ ಮೋಹಕ ಬಲೆಗಳು ತೂಗುತ್ತಿರುತ್ತವೆ, ಇಲ್ಲವೇ ಹಾಗಲದ ಮಿಡಿಗಳಿಗೆ ಕಾಗದದ ಅಂಗಿ ತೊಡಿಸಿರುತ್ತದೆ. ಮಕ್ಕಳು ಇದನ್ನು ಬಹಳ ಇಷ್ಟಪಡುತ್ತಾರೆ. ನೀವು ಆ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆಯೆಂದರೆ, ಕೊಯ್ದುದರಲ್ಲಿ ಸಂತೆಗೆ ತಾರದೆ ಉಳಿದದ್ದು ಎಷ್ಟು ಎಂಬುದು. ಡೊಂಕಾದದ್ದು, ನೊಣ ಕಚ್ಚಿದ್ದು, ಮಂಗ ಮುರಿದದ್ದು, ನವಿಲು ಕುಕ್ಕಿದ್ದು, ಕಾಡುಹಂದಿ ಬುಡಮೇಲು ಮಾಡಿದ್ದು, ಇವೆಲ್ಲದರ ರಾಶಿಯನ್ನು ಅವರು ದನದ ಹಟ್ಟಿಯ ಹಿಂದೆ ತೋರಿಸುತ್ತಾರೆ. ನೀವು ಸಂತೆಯಲ್ಲಿ ಆರಿಸಿ ಬದಿಗಿಟ್ಟ ಬೆಂಡೆಯೂ ಆ ಲೆಕ್ಕಕ್ಕೇ ಸೇರುತ್ತದೆ. ನಾನು ಭೇಟಿ ಮಾಡಿಸಿದ ಕುಟುಂಬಗಳಲ್ಲಿ ಹೆಚ್ಚಿನವರು ಡೊಂಕು ಬೆಂಡೆಯನ್ನು ಬದಿಗಿಡುವುದನ್ನು ಬಿಟ್ಟದ್ದು ಆ ರಾಶಿಯನ್ನು ಕಂಡ ಮೇಲೆ.

ಮಳೆಗಾಲದ ಭೇಟಿಗೆ ಒಂದು ಎಚ್ಚರಿಕೆ. ಮಕ್ಕಳಿಗೆ ಕೆಸರುಗದ್ದೆಗೆ ಇಳಿಯುವ ಆಸೆ ಇದ್ದೇ ಇರುತ್ತದೆ; ಆದರೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಇಲಿಜ್ವರ ಇರುವುದರಿಂದ, ಕಾಲಿನಲ್ಲಿ ಗಾಯ ಅಥವಾ ಬಿರುಕು ಇದ್ದರೆ ನಿಂತ ನೀರಿಗೆ ಇಳಿಸಬೇಡಿ, ಇಳಿದವರು ಬಂದ ಕೂಡಲೇ ಸಾಬೂನಿನಿಂದ ಕಾಲು ತೊಳೆಯಲಿ.

ಎರಡನೆಯ ಭೇಟಿ ಡಿಸೆಂಬರ್ ಕೊನೆಯಿಂದ ಫೆಬ್ರವರಿಯ ಒಳಗೆ ಇರಲಿ. ಆ ಸಮಯದಲ್ಲಿ ನಿಮ್ಮ ಬೆಳೆಗಾರರ ಗದ್ದೆಯನ್ನು ನೋಡುವುದರ ಜೊತೆಗೆ, ಬೇರೊಂದು ದಿನ ಉಡುಪಿಯ ಕಡೆಗೆ ಹೋಗಿ ಮಟ್ಟುವನ್ನೂ ನೋಡಬೇಕೆಂದು ನಾನು ಆಗ್ರಹದಿಂದ ಹೇಳುತ್ತೇನೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಟಪಾಡಿಯ ಬಳಿ ಪಶ್ಚಿಮಕ್ಕೆ ತಿರುಗಿದರೆ ಕಡಲಿನ ಬದಿಯ ಮಟ್ಟು ಗ್ರಾಮ. ಏಣೆಲು ಕೊಯ್ಲಾದ ಮೇಲೆ ಅದೇ ಗದ್ದೆಗಳ ಮರಳುಮಿಶ್ರಿತ ಮಣ್ಣಿನಲ್ಲಿ ಏರು ಮಾಡಿ ಗುಳ್ಳದ ಸಸಿ ನೆಡುತ್ತಾರೆ. ತಿಳಿಹಸಿರು ಮೈಯ, ತೆಳು ಸಿಪ್ಪೆಯ, ತೊಟ್ಟಿನಲ್ಲಿ ಮುಳ್ಳಿರುವ ಈ ದುಂಡು ಬದನೆಯಲ್ಲಿ ಕಹಿ ಕಡಿಮೆ. ಹುಳಿಗೆ ಹಾಕಿದರೆ ಬೆಣ್ಣೆಯಂತೆ ಬೇಯುತ್ತದೆ. ಸೋದೆ ಮಠದ ವಾದಿರಾಜ ಗುರುಗಳು ಕೊಟ್ಟ ಬೀಜದಿಂದ ಬಂದದ್ದೆಂಬುದು ಊರಿನ ನಂಬಿಕೆ, ಮೊದಲ ಬೆಳೆಯನ್ನು ಶ್ರೀಕೃಷ್ಣ ಮಠಕ್ಕೆ ಒಪ್ಪಿಸುವ ವಾಡಿಕೆಯೂ ಇದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅದಕ್ಕೂ ಮೊದಲು ಕುಲಾಂತರಿ ತಳಿಯಾದ ಬಿಟಿ ಬದನೆಯ ಚರ್ಚೆ ನಡೆದಾಗ ತಮ್ಮ ತಳಿ ಕೆಡಬಾರದೆಂದು ಈ ಊರಿನ ಬೆಳೆಗಾರರು ಗಟ್ಟಿಯಾಗಿ ವಿರೋಧಿಸಿದ್ದರು; 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಬಿಟಿ ಬದನೆಗೆ ತಡೆ ನೀಡಿತು. ಬೀಜಕ್ಕಾಗಿ ಬಿಟ್ಟು ಹಳದಿಯಾದ ಗುಳ್ಳಗಳನ್ನು ಯಾರದಾದರೂ ಮನೆಯ ಜಗಲಿಯಲ್ಲಿ ಕಂಡರೆ ಅವುಗಳನ್ನು ಹೇಗೆ ಆರಿಸಿದರೆಂದು ಕೇಳಿ. ಯಾವ ಗಿಡದಿಂದ, ಎಷ್ಟನೆಯ ಕಾಯಿಯನ್ನು ಬೀಜಕ್ಕೆ ಬಿಡಬೇಕೆಂಬ ತಿಳಿವಳಿಕೆ ಸಾಮಾನ್ಯವಾಗಿ ಮನೆಯ ಹೆಂಗಸರ ಬಳಿ ಇರುತ್ತದೆ. ಭೇಟಿ ನೀಡುವವರು ಗಂಡಸರೊಂದಿಗೆ ಮಾತ್ರ ಮಾತಾಡಿ ಮರಳುವುದರಿಂದ ಅದು ಕೇಳದೆ ಹೋಗುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಯ ಮೂಲವೂ ಅದೇ. ಭೌಗೋಳಿಕ ಸೂಚಕವು ವಸ್ತು ಯಾವ ಊರಿನದೆಂದು ಹೇಳುತ್ತದೆ. ವಿಷವಿಲ್ಲದೆ ಬೆಳೆದದ್ದೆಂದು ಹೇಳುವುದಿಲ್ಲ. ಬದನೆಗೆ ಕುಡಿ ಮತ್ತು ಕಾಯಿ ಕೊರಕದ ಕಾಟ ವಿಪರೀತ. ಅಪ್ಪಟ ಮಟ್ಟುಗುಳ್ಳಕ್ಕೂ ಔಷಧ ಹೊಡೆದಿರಬಹುದು, ಹೊಡೆಯದೆಯೂ ಇರಬಹುದು. ಹಾಗೆಯೇ ‘ಊರಿನ ತರಕಾರಿ’ ಎಂಬ ಫಲಕವೂ ಊರನ್ನಷ್ಟೇ ಹೇಳುತ್ತದೆ. ಸಾವಯವ ಎಂಬುದಕ್ಕೆ ಬೇರೆ ಗುರುತುಗಳಿವೆ. ಮೂರನೆಯ ಸಂಸ್ಥೆಯೊಂದು ಬಂದು ಪರಿಶೀಲಿಸುವ ರಾಷ್ಟ್ರೀಯ ವ್ಯವಸ್ಥೆಯಲ್ಲಿ ಹಂಗಾಮಿ ಬೆಳೆಗಳಿಗೆ ಎರಡು ವರ್ಷ, ತೆಂಗು–ಅಡಿಕೆಯಂಥ ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ ಪರಿವರ್ತನೆಯ ಅವಧಿ ಇದೆ. ಇನ್ನೊಂದು ಪಿಜಿಎಸ್–ಇಂಡಿಯಾ, ಇದರಲ್ಲಿ ಕನಿಷ್ಠ ಐದು ರೈತರ ಗುಂಪು ಒಬ್ಬರ ಜಮೀನನ್ನು ಇನ್ನೊಬ್ಬರು ನೋಡಿ ಪರಸ್ಪರ ಖಾತ್ರಿ ಕೊಡುತ್ತಾರೆ, ಪರಿವರ್ತನೆಯಲ್ಲಿರುವವರಿಗೆ ‘ಗ್ರೀನ್’, ಪೂರ್ಣಗೊಂಡವರಿಗೆ ‘ಆರ್ಗ್ಯಾನಿಕ್’ ಎಂಬ ಗುರುತು ಸಿಗುತ್ತದೆ. 2017ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಸಾವಯವ ಎಂದು ಮಾರುವ ಆಹಾರಕ್ಕೆ ಈ ಪ್ರಮಾಣಪತ್ರಗಳಲ್ಲೊಂದು ಇರಬೇಕು, ಆದರೆ ತಾವು ಬೆಳೆದದ್ದನ್ನು ನೇರವಾಗಿ ತಿನ್ನುವವರಿಗೇ ಮಾರುವ ಸಣ್ಣ ಬೆಳೆಗಾರರಿಗೆ ವಿನಾಯಿತಿ ಉಂಟು. ಹಾಗಾಗಿ ಸಂತೆಯ ಬೆಳೆಗಾರರ ಬಳಿ ಪತ್ರವಿಲ್ಲವೆಂಬ ಕಾರಣಕ್ಕೆ ಅವರನ್ನು ಸಂಶಯಿಸುವುದು ಸರಿಯಲ್ಲ. ಪತ್ರವಿಲ್ಲದ ಮಾತನ್ನು ಪರೀಕ್ಷಿಸದೆ ನಂಬಬೇಕೆಂದೂ ಇಲ್ಲ.

ಪರೀಕ್ಷೆ ಎಂದರೆ ತನಿಖೆಯಲ್ಲ. ‘ನೀವು ರಾಸಾಯನಿಕ ಹಾಕುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಒಂದೇ ಉತ್ತರ ಬರುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ‘ಈ ವರ್ಷ ಕೊರಕ ಬಂದಾಗ ಏನು ಮಾಡಿದಿರಿ? ಬಸಳೆಗೆ ಚುಕ್ಕೆ ಬಿದ್ದಾಗ?’ ಎಂದು ಕೇಳಿ. ನಿಜವಾಗಿ ಮಾಡುವವರು ಅರ್ಧ ಗಂಟೆ ಮಾತಾಡುತ್ತಾರೆ: ಕೊರಕ ಹೊಕ್ಕ ಕುಡಿಯನ್ನು ಚಿವುಟಿ ಸುಟ್ಟದ್ದು, ಬೇವಿನ ಹಿಂಡಿ ಹಾಕಿದ್ದು, ಸೋತು ಒಂದು ಸಾಲನ್ನೇ ಕಿತ್ತದ್ದು, ಎಲ್ಲ ಹೊರಬರುತ್ತದೆ. ತನ್ನ ಸೋಲನ್ನು ವಿವರವಾಗಿ ಹೇಳುವ ಬೆಳೆಗಾರರನ್ನು ನಾನು ಹೆಚ್ಚು ನಂಬುತ್ತೇನೆ. ಗೊಬ್ಬರದ ಲೆಕ್ಕವನ್ನೂ ಮೆಲ್ಲಗೆ ಕೇಳಬಹುದು. ಒಂದು ದನದಿಂದ ದಿನಕ್ಕೆ ಸುಮಾರು ಹತ್ತು ಕಿಲೋ ಸೆಗಣಿ ಸಿಗುತ್ತದೆಂದು ಇಟ್ಟುಕೊಂಡರೆ, ಹಟ್ಟಿಯಲ್ಲಿರುವ ದನಗಳಿಗೂ ಎದುರಿಗಿರುವ ಗದ್ದೆಗೂ ಹೊಂದಾಣಿಕೆ ಇದೆಯೇ, ಇಲ್ಲದಿದ್ದರೆ ಗೊಬ್ಬರ ಎಲ್ಲಿಂದ ಬರುತ್ತದೆ ಎಂಬುದು ತಿಳಿಯುತ್ತದೆ. ಒಂದು ಎಕರೆಗೆ ಬೇಕಾದ ಜೀವಾಮೃತಕ್ಕೆ 200 ಲೀಟರ್ ನೀರಿಗೆ 10 ಕಿಲೋ ಸೆಗಣಿ, 5ರಿಂದ 10 ಲೀಟರ್ ಗಂಜಲ, ತಲಾ ಎರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಸಾಕಾಗುವುದರಿಂದ ದನ ಕಡಿಮೆ ಇರುವುದೇ ದೋಷವಲ್ಲ. ಹಟ್ಟಿಗೊಬ್ಬರ, ಸೊಪ್ಪು, ಸುಡುಮಣ್ಣು ಇವುಗಳಲ್ಲಿ ಯಾವುದರ ಗುರುತೂ ಕಾಣದೆ ಗಿಡಗಳು ಮಾತ್ರ ಕಡುಹಸಿರಾಗಿದ್ದರೆ ಇನ್ನೊಂದೆರಡು ಪ್ರಶ್ನೆ ಕೇಳಬೇಕು.

ಸಂತೆಯ ಮೇಜಿನ ಮೇಲೇ ಒಂದು ಸುಳಿವು ಸಿಗುತ್ತದೆ. ಜೂನ್ ತಿಂಗಳಲ್ಲಿ ಕರಾವಳಿಯ ಬೆಳೆಗಾರರ ಬಳಿ ಕ್ಯಾರೆಟ್, ಹೂಕೋಸು, ಬೀಟ್‌ರೂಟ್ ಇದ್ದರೆ ಅವು ಘಟ್ಟದ ಮೇಲಿನಿಂದ ಬಂದವು. ಹಾಗೆ ತಂದು ಮಾರುವುದರಲ್ಲಿ ತಪ್ಪಿಲ್ಲ, ತಂದದ್ದೆಂದು ಹೇಳಬೇಕು ಅಷ್ಟೇ. ಇನ್ನು ಮಳೆಗಾಲದ ಆರಂಭದಲ್ಲಿ ಅಡಿಕೆ ತೋಟಕ್ಕೆ ಹೋದವರು ಮರದ ಗೊನೆಗಳಿಗೆ ನೀಲಿ ದ್ರಾವಣ ಸಿಂಪಡಿಸುವುದನ್ನು ಕಂಡು ಗಾಬರಿಯಾಗುತ್ತಾರೆ. ಅದು ಬೋರ್ಡೋ ದ್ರಾವಣ. ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಮಾಡುತ್ತಾರೆ. ಮಿತಿಯೊಳಗೆ ಅದನ್ನು ಬಳಸಲು ಸಾವಯವ ನಿಯಮಗಳಲ್ಲೂ ಅವಕಾಶವಿದೆ. ಆದರೆ ಸಿಂಪಡಣೆ ನಡೆಯುವಾಗ ಮರದಡಿ ನಿಲ್ಲಬೇಡಿ, ಅಡಿಕೆಯ ನಡುವೆ ಬೆಳೆದ ಸೊಪ್ಪನ್ನು ಆ ವಾರ ಕೊಯ್ಯುತ್ತಾರೆಯೇ ಎಂದು ಕೇಳಿ.

ಕುಚ್ಚಲಕ್ಕಿಯ ವಿಷಯದಲ್ಲಿ ಗದ್ದೆಗಿಂತ ಅಂಗಳ ಹೆಚ್ಚು ಕಲಿಸುತ್ತದೆ. ಭತ್ತವನ್ನು ಬೇಯಿಸಿ, ಬಸಿದು, ಅಂಗಳದಲ್ಲಿ ಹರವಿ ಒಣಗಿಸಿ ಮಿಲ್ಲಿಗೆ ಒಯ್ಯುತ್ತಾರೆ. ಹಾಗೆ ಮಾಡದೆ ನೇರ ಮಾಡಿದ್ದು ಬೆಳ್ತಿಗೆ. ಬೇಯಿಸುವಾಗ ತೌಡಿನ ಪದರದಲ್ಲಿರುವ ಬಿ ಜೀವಸತ್ವಗಳ ಒಂದು ಪಾಲು ಕಾಳಿನೊಳಗೆ ಇಳಿಯುತ್ತದೆ, ಕಾಳು ಗಟ್ಟಿಯಾಗಿ ನುಚ್ಚು ಕಡಿಮೆಯಾಗುತ್ತದೆ. ಕಜೆ ಅಕ್ಕಿಯ ಕೆಂಪು ಇರುವುದು ತೌಡಿನಲ್ಲಿ. ಪಾಲಿಶ್ ಹೆಚ್ಚಾದಷ್ಟೂ ಕೆಂಪು ಹೋಗುತ್ತದೆ. ನೂರು ಕಿಲೋ ಭತ್ತ ಕೊಟ್ಟರೆ ಮರಳಿ ಬರುವ ಅಕ್ಕಿ ಸುಮಾರು 65 ಕಿಲೋ. ಬೇಯಿಸುವ ಸೌದೆ, ಒಣಗಿಸುವ ಆಳು, ಮೋಡ ಕವಿದ ದಿನದ ಆತಂಕ, ಮಿಲ್ಲಿನ ಕೂಲಿ ಇವನ್ನೆಲ್ಲ ಅದರ ಮೇಲೆ ಕೂಡಿಸಿದರೆ ಸಂತೆಯಲ್ಲಿ ಕೊಡುವ ದರ ಹೆಚ್ಚೆನಿಸುವುದಿಲ್ಲ. ಈ ಭಾಗದಲ್ಲಿ ಬಹಳ ಮಂದಿ ಬೆಳೆಯುವುದು ಎಂಒ–4 ತಳಿ. ಕಯಮೆಯಂಥ ಹಳೆಯ ತಳಿಗಳನ್ನು ಉಳಿಸಿಕೊಂಡವರೂ ಅಲ್ಲಲ್ಲಿ ಇದ್ದಾರೆ. ಮಂಗಳೂರಿನಿಂದ ದೂರವಲ್ಲದ ಕಾಸರಗೋಡು ಜಿಲ್ಲೆಯಲ್ಲಿ ರಾಜಕಯಮೆ ಸೇರಿದಂತೆ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ ಸತ್ಯನಾರಾಯಣ ಬೆಳೇರಿ ಅವರಿಗೆ 2024ರಲ್ಲಿ ಪದ್ಮಶ್ರೀ ಬಂದದ್ದು ನನಗೆ ಅತ್ಯಂತ ಸಂತೋಷ ಕೊಟ್ಟ ಸುದ್ದಿ. ತಳಿಗಳ ಬಗ್ಗೆ ಆಸಕ್ತಿ ಇದ್ದರೆ ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವನ್ನೂ ಒಮ್ಮೆ ನೋಡಿ.

ಜೇನಿನವರ ಬಳಿಗೆ ಹೋಗಲು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲ ಒಳ್ಳೆಯದು. ನಿಮ್ಮ ಮೂರನೆಯ ಭೇಟಿಯನ್ನು ಅದರೊಂದಿಗೆ ಹೊಂದಿಸಿಕೊಳ್ಳಬಹುದು. ಇಲ್ಲಿ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಎಂಬ ಜೇನುನೊಣವನ್ನು. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಬಹುಪಾಲು ನಾಶವಾದವು. ಇಂದು ನೀವು ನೋಡುವ ಪೆಟ್ಟಿಗೆಗಳು ಆ ನಷ್ಟದ ನಂತರ ಮತ್ತೆ ಕಟ್ಟಿದವು. ರಬ್ಬರ್ ಇರುವ ಸುಳ್ಯ, ಬೆಳ್ತಂಗಡಿ ಕಡೆ ಎಲೆ ಉದುರಿ ಹೊಸ ಚಿಗುರು ಬಂದಾಗ ಆ ಚಿಗುರಿನ ತೊಟ್ಟಿನ ಬಳಿ ಒಸರುವ ಮಕರಂದವೇ ಜೇನಿನ ದೊಡ್ಡ ಮೂಲ, ಹೂವಲ್ಲ. ಮಳೆಗಾಲದಲ್ಲಿ ಹೋದರೆ ಪೆಟ್ಟಿಗೆಗಳಿಗೆ ಸಕ್ಕರೆ ಪಾಕ ಇಡುವುದನ್ನು ಕಾಣುತ್ತೀರಿ. ಅದು ಮೋಸವಲ್ಲ, ಹೂವಿಲ್ಲದ ಕಾಲದಲ್ಲಿ ಕುಟುಂಬ ಬದುಕಲು ಕೊಡುವ ಆಹಾರ; ಜೇನು ತೆಗೆಯುವ ಕಾಲದಲ್ಲೂ ಪಾಕ ಇಟ್ಟರೆ ಮಾತ್ರ ಮೋಸ. ಜೇನು ಹರಳುಗಟ್ಟುವುದು ಕಲಬೆರಕೆಯ ಗುರುತಲ್ಲ, ಬೆಂಕಿಕಡ್ಡಿ ಅಥವಾ ನೀರಿನ ಲೋಟದ ಪರೀಕ್ಷೆಗಳನ್ನು ನೆಚ್ಚಿಕೊಳ್ಳಬೇಡಿ. ಎರಿಯ ಕಣ್ಣುಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆ ತೆಗೆಯುತ್ತಾರೆಯೇ ಎಂದು ನೋಡಿ. ಅದಕ್ಕೆ ಮುಂಚೆ ತೆಗೆದ ಜೇನಿನಲ್ಲಿ ನೀರಿನಂಶ ಹೆಚ್ಚಿದ್ದು ಬೇಗ ಹುಳಿಯುತ್ತದೆ. ಅಲ್ಲಿಗೆ ಹೋಗುವ ದಿನ ಅತ್ತರು, ಹೂವು ಬೇಡ, ತಿಳಿಬಣ್ಣದ ಬಟ್ಟೆ ಇರಲಿ.

ಮಟ್ಟುವಿನಿಂದ ಮರಳುವಾಗ ಕಟಪಾಡಿಯಿಂದ ಪೂರ್ವಕ್ಕೆ ಶಂಕರಪುರದ ಮಲ್ಲಿಗೆ ತೋಟಗಳಿವೆ. ತಿನ್ನುವ ವಸ್ತುವಲ್ಲದಿದ್ದರೂ, ಬೆಲೆ ಎಂದರೇನೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬೆಳಗಿನ ಜಾವ ಕೊಯ್ದ 800 ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೂ ಬದಲಾಗುತ್ತದೆ, ಮದುವೆಯ ಮುಹೂರ್ತಗಳಿರುವ ವಾರ ಏರುತ್ತದೆ, ಮುಗಿದ ಮರುದಿನ ಇಳಿಯುತ್ತದೆ; ಕೊಯ್ಯುವ ಬೆರಳುಗಳ ಕೆಲಸ ಮಾತ್ರ ಎರಡೂ ದಿನ ಒಂದೇ.

ಹಣದ ವಿಚಾರ ಹೋಗುವ ಮುಂಚೆಯೇ ಮಾತಾಡಿ. ನಿಮ್ಮೊಂದಿಗೆ ಅರ್ಧ ದಿನ ಕಳೆದರೆ ಅವರ ಅರ್ಧ ದಿನದ ದುಡಿಮೆ ನಿಲ್ಲುತ್ತದೆ. ಅದರ ಕೂಲಿಯಷ್ಟನ್ನಾದರೂ, ಊಟವಿದ್ದರೆ ಅದರ ಖರ್ಚನ್ನೂ ಕೊಡುವುದು ನ್ಯಾಯ. ಕೆಲವರು ಬೇಡವೆನ್ನುತ್ತಾರೆ. ಆಗ ಒತ್ತಾಯಿಸದೆ, ಆ ದಿನ ಅಲ್ಲಿರುವುದನ್ನು ಚೌಕಾಸಿ ಮಾಡದೆ ಕೊಂಡುಕೊಳ್ಳಿ. ಹೋದ ಕೂಡಲೇ ಕೊಡುವ ನೀರು–ಬೆಲ್ಲವನ್ನು ಬೇಡವೆನ್ನಬೇಡಿ, ಹೇಳದೆ ಕಾಯಿ ಕೊಯ್ಯಬೇಡಿ, ಜಮೀನಿನಲ್ಲಿರುವ ನಾಗಬನ ಮತ್ತು ದೈವದ ಗುಡಿಯ ಬಳಿ ಮನೆಯವರು ಹೇಳಿದಷ್ಟು ದೂರದಲ್ಲಿ ನಿಲ್ಲಿ.

ಅತ್ತೆಯವರನ್ನು ಖಂಡಿತ ಕರೆದೊಯ್ಯಿರಿ. ಬದುವಿನ ಮೇಲೆ ಅವರನ್ನು ನಡೆಸಬೇಡಿ. ಮಳೆಗಾಲದಲ್ಲಂತೂ ಕಾರು ಅಂಗಳದವರೆಗೆ ಹೋಗುತ್ತದೆಯೇ ಎಂದು ಮೊದಲೇ ಕೇಳಿಕೊಂಡು, ಜಗಲಿಯಲ್ಲಿ ಒಂದು ಕುರ್ಚಿ ಹಾಕಿಸಿ ಕೂರಿಸಿ. ನನ್ನ ಅನುಭವದಲ್ಲಿ ಹಿರಿಯರು ಜೊತೆಗಿದ್ದ ಭೇಟಿಗಳಲ್ಲಿ ಮನೆಯವರು ಹೆಚ್ಚು ಮಾತಾಡಿದ್ದಾರೆ. ನಿಮಗೆ ಕೇಳಲು ತಿಳಿಯದ ಪ್ರಶ್ನೆಗಳು ಹಿರಿಯರಿಗೆ ತಿಳಿದಿರುತ್ತವೆ: ಸೌತೆಯನ್ನು ಈಗಲೂ ಮಾಡಿನ ಕೆಳಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕುತ್ತೀರಾ, ಜಡಿಮಳೆಯ ಆಟಿ ತಿಂಗಳಿಗೆ ಎಷ್ಟು ಉಳಿಯುತ್ತದೆ, ಹಲಸಿನ ಸೊಳೆ ಉಪ್ಪಿಗೆ ಹಾಕುತ್ತೀರಾ ಎಂಬಂಥವು. ಒಮ್ಮೆ ವಿಟ್ಲದ ಕಡೆಯ ಮನೆಯೊಂದರಲ್ಲಿ, ಮಂಗಳೂರಿನಿಂದ ಬಂದ ಅಜ್ಜಿಯೊಬ್ಬರು ಹೀಗೆಯೇ ಕೇಳಿದ್ದಕ್ಕೆ ಆ ಮನೆಯ ಅಕ್ಕ ಒಳಗೆ ಹೋಗಿ, ಬೂದಿಯಲ್ಲಿ ಇಟ್ಟಿದ್ದ ಸೌತೆ ಬೀಜವನ್ನು ಒಂದು ಕಾಗದದಲ್ಲಿ ಕಟ್ಟಿ ತಂದುಕೊಟ್ಟರು. ನಿಮಗೂ ಯಾರಾದರೂ ಹಾಗೆ ಕೊಟ್ಟರೆ ಬಿಜೈಯ ಮನೆಯ ಟೆರೇಸಿನಲ್ಲಿ ಮಣ್ಣು ತುಂಬಿದ ಚೀಲವೊಂದು ಸಾಕು. ಬಳ್ಳಿ ಹಬ್ಬಲು ಜಾಗ ಬಿಟ್ಟು, ಮೊದಲ ಮಿಡಿಗಳಿಗೆ ಕಾಗದದ ಅಂಗಿ ತೊಡಿಸಲು ಮಕ್ಕಳಿಗೆ ಹೇಳಿ.